ಒಂದು ‘ಇಸು’ ಕಳೆದು ಬಂದ ವಿಶ್ವದಾಖಲೆ

ಕನ್ನಡದಲ್ಲಿ ‘ಇಸು’ ಅಂತ ಒಂದು ಪುಟ್ಟ ಪ್ರತ್ಯಯ ಇದೆ. ಮಾಡು, ಮಾಡಿಸು. ಹತ್ತು, ಹತ್ತಿಸು. ಓಡು, ಓಡಿಸು. ಹೈಸ್ಕೂಲಿನಲ್ಲಿ ಪ್ರೇರಣಾರ್ಥಕ ಅಂತ ಹೇಳಿಕೊಟ್ಟು, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳಿ, ಆಮೇಲೆ ಯಾರೂ ತಿರುಗಿ ನೋಡದ ಬಡಪಾಯಿ. ಮಾಡುವವರು ಒಬ್ಬರು, ಮಾಡಿಸುವವರು ಇನ್ನೊಬ್ಬರು ಅನ್ನುವ ಲೋಕಸತ್ಯವನ್ನು ಎರಡೇ ಅಕ್ಷರದಲ್ಲಿ ಹೊತ್ತು ತಿರುಗುತ್ತದೆ. ಈ ಬಡಪಾಯಿ 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದಿಂದ ದಿಲ್ಲಿಗೆ ಹೋಗುವ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಬಿದ್ದ ಜಾಗದಲ್ಲಿ ನೂರು ಮೀಟರ್ ಓಟದ ವಿಶ್ವದಾಖಲೆಯೊಂದು ಮೊಳೆಯಿತು.

ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಐಕಳದ ಕಾಂತಾಬಾರೆ-ಬೂದಾಬಾರೆ ಜೋಡುಕರೆ ಕಂಬಳ. ಮೂಡುಬಿದಿರೆ ಹತ್ತಿರದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದವು. ಕರಾವಳಿಯಲ್ಲಿ ಇದನ್ನು ಹೇಳುವ ಕ್ರಮವೇ ಬೇರೆ. ಬೆಳಗಿನ ಜಾವ ಮೈಕಿನಲ್ಲಿ ಫಲಿತಾಂಶ ಸಾರುವಾಗ ಮೊದಲು ವಿಭಾಗ, ಆಮೇಲೆ ಕೋಣಗಳ ಯಜಮಾನರ ಮನೆ ಮತ್ತು ಹೆಸರು, ಕಟ್ಟಕಡೆಗೆ ‘ಕೋಣ ಓಡಿಸಿದವರು ಇಂಥವರು’. ಚಿನ್ನದ ಪವನು ಯಜಮಾನರಿಗೆ. ಹಿರಿಯ, ಕಿರಿಯ ಅಂತ ವಿಭಾಗ ಮಾಡುವುದೂ ಕೋಣದ ಪ್ರಾಯ ನೋಡಿ. ಓಡಿಸುವವರಿಗೆ ಇಪ್ಪತ್ತೋ ನಲವತ್ತೋ ಯಾರೂ ಕೇಳುವುದಿಲ್ಲ. ಅಂದರೆ ಸ್ಪರ್ಧಿ ಯಾರು ಅನ್ನುವ ಬಗ್ಗೆ ಕಂಬಳದವರಿಗೆ ಎಳ್ಳಷ್ಟೂ ಗೊಂದಲ ಇರಲಿಲ್ಲ. ಸ್ಪರ್ಧಿಗೆ ನಾಲ್ಕು ಕಾಲು, ಎರಡು ಕೊಂಬು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆದರು. 142.5 ಮೀಟರಿಗೆ 13.62 ಸೆಕೆಂಡಾದರೆ 100 ಮೀಟರಿಗೆ ಎಷ್ಟು? ಶಾಲೆಯ ತ್ರೈರಾಶಿ. ಉತ್ತರ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ್ದು 9.58. ಸೆಕೆಂಡಿನ ನೂರನೇ ಮೂರು ಪಾಲಿನಲ್ಲಿ ಜಮೈಕಾ ಸೋತಿತು, ಮೂಡುಬಿದಿರೆ ಗೆದ್ದಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದು ಹಳೇ ಗಾದೆ. ಈ ಸಲ ಈದದ್ದು ಕೋಣ, ಕಟ್ಟಿದ್ದು ಟಿವಿ ಸ್ಟುಡಿಯೋದಲ್ಲಿ.

ತ್ರೈರಾಶಿಯಾದರೂ ನೆಟ್ಟಗಿತ್ತೇ ಅಂದರೆ ಅದೂ ಇಲ್ಲ. ನೀವೇ ಭಾಗಿಸಿ ನೋಡಿ, ಪರದೆಯ ಮೇಲೆ ಬರುವುದು ಹೆಚ್ಚುಕಡಿಮೆ 9.558. ಶಾಲೆಯ ಲೆಕ್ಕದಲ್ಲೂ ಇದು 9.56. ಅಥ್ಲೆಟಿಕ್ಸ್ ನಿಯಮ ಇನ್ನೂ ಜಿಪುಣ: ಫೋಟೋ ಫಿನಿಷ್ ಚಿತ್ರದಿಂದ ಸಾವಿರದ ಪಾಲಿನವರೆಗೆ ಓದಬೇಕು, ಉಳಿಕೆ ಎಷ್ಟೇ ಚಿಕ್ಕದಿರಲಿ, ಮುಂದಿನ ನೂರರ ಪಾಲಿಗೆ ಏರಿಸಬೇಕು. 9.551 ಬಂದರೂ 9.56 ಅಂತಲೇ ಬರೆಯಬೇಕು. ನಮ್ಮವರು ಮಾತ್ರ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಬಿಟ್ಟ ಹಾಗೆ ಕೊನೆಯ ಎಂಟನ್ನು ಅಲ್ಲೇ ಬಿಟ್ಟು ಬಂದರು. ವಿಶ್ವದಾಖಲೆಗೆ ಇಷ್ಟು ಧಾರಾಳ ಡಿಸ್ಕೌಂಟ್ ಹಿಂದೆಂದೂ ಸಿಕ್ಕಿರಲಿಲ್ಲ.

ಇರಲಿ, ತ್ರೈರಾಶಿಯನ್ನೇ ಒಪ್ಪೋಣ. ಆದರೆ ನ್ಯಾಯ ಅಂದಮೇಲೆ ಎರಡೂ ಕಡೆಗೆ ಒಂದೇ ತಕ್ಕಡಿ. ಬೋಲ್ಟನನ್ನೂ ತೂಗಬೇಕಲ್ಲ? ಬರ್ಲಿನ್ನಿನ ಓಟವನ್ನು ಇಪ್ಪತ್ತಿಪ್ಪತ್ತು ಮೀಟರಿನ ತುಂಡು ಮಾಡಿ ಅಳೆದಿದ್ದಾರೆ. ಮೊದಲ ತುಂಡಿಗೆ 2.89 ಸೆಕೆಂಡು, ಆಮೇಲೆ 1.75, 1.67, 1.61, ಕೊನೆಯದಕ್ಕೆ 1.66. ಮೊದಲ ತುಂಡಿಗೆ ತ್ರೈರಾಶಿ ಹಾಕಿದರೆ ಬೋಲ್ಟನ ನೂರು ಮೀಟರ್ 14.45 ಸೆಕೆಂಡು. ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಹೀಟ್ಸ್ ದಾಟುವುದೂ ಕಷ್ಟ. ನಾಲ್ಕನೇ ತುಂಡಿಗೆ ಹಾಕಿದರೆ 8.05! ಹಾಗಾದರೆ ಬೋಲ್ಟ್ 2009ರಲ್ಲೇ ನಮ್ಮ 9.55ನ್ನು ಒಂದೂವರೆ ಸೆಕೆಂಡಿನಿಂದ ಮುರಿದಿದ್ದ. ತಾನೇ ಆ ದಾಖಲೆ ಬಚ್ಚಿಟ್ಟಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಜಮೈಕಾದ ನಾಲ್ವರು ರಿಲೇ ಓಡಿ ತೆಗೆದುಕೊಂಡದ್ದು 36.84. ತಲಾ 9.21. ನಾಲ್ಕಕ್ಕೆ ನಾಲ್ಕೂ ಜನ ವಿಶ್ವದಾಖಲೆ ಮುರಿದವರು, ಪಾಪ, ಒಬ್ಬರೂ ಅರ್ಜಿ ಹಾಕಲಿಲ್ಲ.

ಇಲ್ಲೇ ಇರುವುದು ವಿಷಯ. ನಿಂತಲ್ಲಿಂದ ಹೊರಡುವ ಓಟದಲ್ಲಿ ಮೊದಲ ಇಪ್ಪತ್ತು ಮೀಟರೇ ಅತಿ ದುಬಾರಿ. ಸುಮಾರು ತೊಂಬತ್ತು ಕಿಲೋ ದೇಹವನ್ನು ಸೊನ್ನೆಯಿಂದ ಎಬ್ಬಿಸಬೇಕು. ಓಟ ಉದ್ದವಾದಷ್ಟೂ ಆ ಆರಂಭದ ಖರ್ಚು ಹೆಚ್ಚು ಮೀಟರುಗಳಿಗೆ ಹಂಚಿಹೋಗುತ್ತದೆ, ಸರಾಸರಿ ಚೆಂದ ಕಾಣುತ್ತದೆ. ಹಾಗಾಗಿ 142.5 ಮೀಟರಿನ ಓಟವನ್ನು ನೂರಕ್ಕೆ ಇಳಿಸುವುದು ಅಂದರೆ ಮದುವೆಯ ಛತ್ರದ ಬಾಡಿಗೆಯನ್ನು ಸಾವಿರ ಎಲೆಗೆ ಭಾಗಿಸಿ, ಅದೇ ದರದಲ್ಲಿ ಹತ್ತು ಎಲೆಗೆ ಛತ್ರ ಕೊಡಿ ಅಂತ ಕೇಳಿದ ಹಾಗೆ. ಛತ್ರದವನು ನಗುತ್ತಾನೆ. ಚಾನೆಲಿನವರು ನಗಲಿಲ್ಲ.

ತ್ರೈರಾಶಿಯ ಕಾಲಿಗೆ ಕಡಿವಾಣ ಇಲ್ಲ, ನೂರಕ್ಕೇ ಯಾಕೆ ನಿಲ್ಲಿಸಬೇಕು? ಅದೇ ವೇಗದಲ್ಲಿ 42.195 ಕಿಲೋಮೀಟರಿನ ಮ್ಯಾರಥಾನ್ 1 ಗಂಟೆ 7 ನಿಮಿಷಕ್ಕೆ ಮುಗಿಯುತ್ತದೆ. ಮಂಗಳೂರಿನಿಂದ ಬೆಂಗಳೂರು 350 ಕಿಲೋಮೀಟರ್ ಅಂತ ಹಿಡಿದರೆ 9 ಗಂಟೆ 17 ನಿಮಿಷ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದ ದಿನ ಬಸ್ಸಿಗಿಂತ ಕೋಣವೇ ವಾಸಿ. ರಾಜ್ಯದ ಸಾರಿಗೆ ಸಮಸ್ಯೆಗೆ ಪರಿಹಾರ ಕೈಗೆ ಬಂದಿತ್ತು. ಕ್ರೀಡಾ ಇಲಾಖೆಗೆ ಕಳಿಸಿ ಹಾಳುಮಾಡಿದರು.

ಈಗ ಕರೆಯ ಹತ್ತಿರ ಬನ್ನಿ. ಟಿವಿಯಲ್ಲಿ ಕಾಣುವುದು ನೀರು ಚಿಮ್ಮುವ ಅಂದ. ಹತ್ತಿರ ನಿಂತರೆ ಕಾಣುವುದು ಹಗ್ಗ. ಓಟ ಹೊರಡುವ ತುದಿಗೆ ಗಂತು ಅನ್ನುತ್ತಾರೆ, ಮುಗಿಯುವ ತುದಿಗೆ ಮಂಜೊಟ್ಟಿ. ಗಂತಿನಲ್ಲಿ ನಾಲ್ಕೈದು ಮಂದಿ ಕೋಣಗಳನ್ನು ಮುಂದಿನಿಂದ ತಡೆದು ಹಿಡಿದಿರುತ್ತಾರೆ. ನೊಗದಿಂದ ಬಂದ ಹಗ್ಗದ ತುದಿ ಓಡಿಸುವವನ ಕೈಯಲ್ಲಿ. ಬರಿಗಾಲು, ಬಿಗಿದುಟ್ಟ ತುಂಡು ಬಟ್ಟೆ. ಬಿಟ್ಟರು ಅನ್ನುವಷ್ಟರಲ್ಲಿ ಒಂದೊಂದೂ ನಾನೂರೈನೂರು ಕಿಲೋ ತೂಗುವ ಎರಡು ಪ್ರಾಣಿಗಳ ಎಂಟು ಕಾಲು ಕೆಸರನ್ನು ಹಿಂದಕ್ಕೆ ಒದೆಯುತ್ತವೆ, ಆ ಕೆಸರಿನ ಬಹುಪಾಲು ಓಡಿಸುವವನ ಮುಖಕ್ಕೆ. ಹಗ್ಗ ಬಿಗಿಯುತ್ತದೆ. ಆ ಒಂದು ಜಗ್ಗಿಗೆ ಅವನ ಮೊದಲ ಇಪ್ಪತ್ತು ಮೀಟರಿನ ದುಬಾರಿ ಖರ್ಚು ಕೋಣಗಳ ಖಾತೆಗೆ ಹೋಯಿತು. ಬೋಲ್ಟ್ ಕೈಯಿಂದ ಕೊಟ್ಟದ್ದನ್ನು ಇಲ್ಲಿ ಕೋಣ ಕೊಡುತ್ತದೆ.

ಹಾಗಂತ ಅವನಿಗೆ ಕೆಲಸ ಇಲ್ಲ ಅನ್ನಬೇಡಿ. ಕೆಲಸ ಬೇರೆ, ಅಷ್ಟೆ. ನೂರು ಮೀಟರ್ ಓಟಗಾರ ಮುಂಗಾಲಿನ ಮೇಲೆ ಓಡುತ್ತಾನೆ, ಕಂಬಳದವನು ಹಿಮ್ಮಡಿ ಊರಿ ಓಡುತ್ತಾನೆ. ಕಂಬಳ ಬಲ್ಲವರು ಆಗಲೇ ಇದನ್ನು ಹೇಳಿದ್ದರು, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಎಳೆತಕ್ಕೆ ಮೈಕೊಟ್ಟು ಹೆಜ್ಜೆ ಉದ್ದ ಮಾಡಬೇಕು, ಆದರೆ ಪೂರ್ತಿ ಮೈಕೊಟ್ಟರೆ ಮುಗ್ಗರಿಸಿ ಬಿದ್ದು ದರದರ ಎಳೆಸಿಕೊಳ್ಳುವುದೇ ಗತಿ. ಜೋಡಿಯಲ್ಲಿ ಒಂದು ಕೋಣ ಅರ್ಧ ಹೆಜ್ಜೆ ಮುಂದಾದರೂ ನೊಗ ಓರೆಯಾಗಿ ಓಟ ಬದಿಯ ದಂಡೆಗೆ ಬಡಿಯುತ್ತದೆ. ಹಗ್ಗ ಎಲ್ಲಿ ಸಡಿಲಿಸಬೇಕು, ಯಾವ ಕೋಣಕ್ಕೆ ಎಲ್ಲಿ ಕೂಗು ಹಾಕಬೇಕು ಅನ್ನುವುದು ವರ್ಷಗಟ್ಟಲೆ ಕೋಣದ ಜೊತೆ ಇದ್ದವನಿಗೇ ತಿಳಿಯುವಂಥದ್ದು. ಓಟಗಾರರ ಕೋಚುಗಳೂ ಹಗ್ಗ ಕಟ್ಟಿ ಎಳೆದು ಓಡಿಸುವ ಒಂದು ತಾಲೀಮು ಮಾಡಿಸುತ್ತಾರೆ, ಕಾಲಿಗೆ ಹೆಚ್ಚಿನ ವೇಗದ ರುಚಿ ಹತ್ತಲಿ ಅಂತ. ಹದ ತಪ್ಪಿದರೆ ಹೆಜ್ಜೆ ದೇಹಕ್ಕಿಂತ ಮುಂದೆ ಬಿದ್ದು ತೊಡೆಯ ಹಿಂಭಾಗದ ಸ್ನಾಯು ಹರಿಯುತ್ತದೆ. ಆ ತಾಲೀಮಿನಲ್ಲಿ ಬಂದ ಸಮಯವನ್ನು ದಾಖಲೆ ಅಂತ ಪೇಪರಿಗೆ ಕೊಟ್ಟ ಕೋಚ್ ಇನ್ನೂ ಹುಟ್ಟಿಲ್ಲ.

ಬೋಲ್ಟನನ್ನೇ ತಂದು ಗಂತಿನಲ್ಲಿ ನಿಲ್ಲಿಸಿದರೆ? ಸ್ಪೈಕ್ ಶೂ ಹಾಕಿದ್ದರೆ ಮೂರನೇ ಹೆಜ್ಜೆಗೆ ಶೂ ಕೆಸರಿನಲ್ಲಿ, ಬೋಲ್ಟ್ ಕೆಸರಿನ ಮೇಲೆ. ಒಂದು ವೇಳೆ ಬೀಳದೆ ತನ್ನ ಗಂಟೆಗೆ 44 ಕಿಲೋಮೀಟರಿನ ವೇಗ ತಲುಪಿಬಿಟ್ಟ ಅನ್ನಿ. ಕೋಣದ ಸರಾಸರಿ 37 ಚಿಲ್ಲರೆ. ಅರವತ್ತನೇ ಮೀಟರಿನ ಹೊತ್ತಿಗೆ ಅವನ ಎದೆ ಕೋಣದ ಬೆನ್ನಿಗೆ ಡಿಕ್ಕಿ. ಅದಕ್ಕೆ ಯಾವ ಪುಸ್ತಕದಲ್ಲೂ ನಿಯಮ ಬರೆದಿಲ್ಲ.

ನಿಯಮದ ಮಾತು ಬಂತಲ್ಲ, ಅರ್ಜಿ ನಿಜವಾಗಿಯೂ ಹೋಗಿದ್ದರೆ ಏನಾಗುತ್ತಿತ್ತು ನೋಡಿ. ನೂರು ಮೀಟರ್ ದಾಖಲೆಗೆ ಹಿಂಗಾಳಿ ಸೆಕೆಂಡಿಗೆ 2 ಮೀಟರ್ ಮೀರಬಾರದು, ಬರ್ಲಿನ್ನಿನಲ್ಲಿ 0.9 ಇತ್ತು. ಕರೆಯ ಪಕ್ಕ ಗಾಳಿಮಾಪಕ ಇಲ್ಲ, ಇದ್ದಿದ್ದರೂ ಕೋಣದ ಬಾಲದ ಗಾಳಿಯನ್ನು ಯಾವ ದಿಕ್ಕಿಗೆ ಬರೆಯುವುದು? ಓಡುವವನ ಶೂ ಅಟ್ಟೆ 20 ಮಿಲಿಮೀಟರಿಗಿಂತ ದಪ್ಪ ಇರಬಾರದು ಅಂತ ಈಗ ನಿಯಮ, ಚಿಮ್ಮುವ ಅಟ್ಟೆ ಅನುಚಿತ ಲಾಭ ಕೊಡುತ್ತದೆ ಅಂತ. ಎರಡು ಕೋಣಗಳ ದಪ್ಪವನ್ನು ಯಾವ ಕಲಮಿನಲ್ಲಿ ತುಂಬಿಸುವುದು ಅನ್ನುವುದಕ್ಕೆ ಫಾರ್ಮಿನಲ್ಲಿ ಜಾಗವೇ ಇಲ್ಲ. ಗುಂಡಿನ ಸದ್ದಾಗಿ ಸೆಕೆಂಡಿನ ಹತ್ತನೇ ಒಂದು ಪಾಲಿಗೆ ಮೊದಲೇ ಕಾಲು ಒತ್ತಿದರೆ ಫೌಲ್, ಒಂದೇ ಸಲಕ್ಕೆ ಹೊರಗೆ. 2011ರಲ್ಲಿ ಡೇಗುವಿನ ವಿಶ್ವಕೂಟದ ಫೈನಲ್ಲಿನಲ್ಲಿ ಬೋಲ್ಟನನ್ನೇ ಹೀಗೆ ಹೊರಗೆ ಕಳಿಸಿದರು, ಬೋಲ್ಟ್ ಅಂತ ಮುಖ ನೋಡಲಿಲ್ಲ. ಗಂತಿನಲ್ಲಿ ಒಂದು ಕೋಣ ಹಿಂದೆ ತಿರುಗಿ ನಿಂತು, ಇನ್ನೊಂದು ಹೊರಡಲು ಹಟ ಹಿಡಿದು, ಕೂಟವೇ ಕಾಯುವ ಹೊತ್ತನ್ನು ಕಂಡವರು ಆ ಹತ್ತನೇ ಒಂದು ಪಾಲನ್ನು ಕೇಳಿ ಎಲೆಯಡಿಕೆ ಉಗಿದು ನಕ್ಕಾರು. ಕೊನೆಗೆ ಗೆರೆ. ಅಥ್ಲೆಟಿಕ್ಸಿನಲ್ಲಿ ಗೆರೆ ತಲುಪಬೇಕಾದ್ದು ಮುಂಡ. ತಲೆ, ಕತ್ತು, ಕೈ, ಕಾಲು ಲೆಕ್ಕಕ್ಕಿಲ್ಲ. ಮಂಜೊಟ್ಟಿಯಲ್ಲಿ ಮೊದಲು ದಾಟುವುದು ಕೋಣದ ಮೂತಿ. ಓಡಿಸುವವನ ಮುಂಡ ಅದಕ್ಕಿಂತ ಎಷ್ಟೋ ಮೀಟರ್ ಹಿಂದೆ, ಹಗ್ಗದ ಆಚೆ ತುದಿಯಲ್ಲಿ ಬರುತ್ತಿರುತ್ತದೆ.

ಇನ್ನು ಉದ್ದೀಪನ ಮದ್ದಿನ ಪರೀಕ್ಷೆ. ವಿಶ್ವದಾಖಲೆ ಅಂದರೆ ಮೂತ್ರದ ಮಾದರಿ ಕಡ್ಡಾಯ, ಅಧಿಕಾರಿಯ ಕಣ್ಣೆದುರೇ ಕೊಡಬೇಕು. ಎಳೆದದ್ದು ಯಾರೋ ಅವರದ್ದೇ ಮಾದರಿ ಆಗಬೇಕಲ್ಲ? ‘ಎ’ ಮಾದರಿಗೊಂದು ಬಾಲ್ದಿ, ‘ಬಿ’ ಮಾದರಿಗೊಂದು ಬಾಲ್ದಿ. ಓಟದ ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಮೈ ನೀವಿ ಸಾಕುತ್ತಾರೆ. ನಿಷೇಧಿತ ಪದಾರ್ಥಗಳ ಪಟ್ಟಿಯಲ್ಲಿ ಹುರುಳಿ ಇಲ್ಲ ಅನ್ನುವುದೊಂದೇ ಸಮಾಧಾನ.

ದೂರದ ಇನ್ನೊಂದು ಓಟ ನೆನಪಾಗುತ್ತದೆ. 2019ರ ಅಕ್ಟೋಬರಿನಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ವಿಯೆನ್ನಾದಲ್ಲಿ ಮ್ಯಾರಥಾನನ್ನು 1 ಗಂಟೆ 59 ನಿಮಿಷ 40 ಸೆಕೆಂಡಿಗೆ ಮುಗಿಸಿದ. ಗಾಳಿ ತಡೆಯಲು ಅವನ ಸುತ್ತ 41 ಓಟಗಾರರು ಸರದಿಯಲ್ಲಿ ಬಂದು ಹೋಗುತ್ತಿದ್ದರು, ಮುಂದೆ ಹೋಗುತ್ತಿದ್ದ ಕಾರು ರಸ್ತೆಯ ಮೇಲೆ ಬೆಳಕಿನ ಗೆರೆ ಹಾಕುತ್ತಿತ್ತು. ಯಾರೂ ಅವನನ್ನು ಮುಟ್ಟಲಿಲ್ಲ, ಎಳೆಯಲಿಲ್ಲ, 42 ಕಿಲೋಮೀಟರನ್ನೂ ತನ್ನ ಕಾಲಿನಿಂದಲೇ ಓಡಿದ. ಆದರೂ ಅಧಿಕೃತ ದಾಖಲೆ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಅವನೂ ಕೇಳಲಿಲ್ಲ. ಪಕ್ಕದಲ್ಲಿ ಸುಮ್ಮನೆ ಓಡಿದವರನ್ನೇ ಸಹಾಯ ಅಂತ ಲೆಕ್ಕಕ್ಕೆ ಹಿಡಿದು ನಾಲ್ಕೇ ತಿಂಗಳಾಗಿತ್ತು. ನಮ್ಮಲ್ಲಿ ಮುಂದೆ ಕಟ್ಟಿಕೊಂಡವರೇ ಲೆಕ್ಕಕ್ಕೆ ಸಿಗಲಿಲ್ಲ.

ಅಷ್ಟು ಹೊತ್ತಿಗೆ ದಿಲ್ಲಿ ಎದ್ದಿತ್ತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ವೀಟ್ ಮಾಡಿದರು: ಸಾಯ್‌ನ (ಭಾರತೀಯ ಕ್ರೀಡಾ ಪ್ರಾಧಿಕಾರದ) ಕೋಚುಗಳ ಮುಂದೆ ಟ್ರಯಲ್ಸ್ ಆಗಲಿದೆ. ಬೆಂಗಳೂರಿನ ಕೇಂದ್ರಕ್ಕೆ ರೈಲು ಟಿಕೆಟ್ಟೂ ಆಯಿತು ಅಂತ ಸುದ್ದಿ ಬಂತು. ಮುಖ್ಯಮಂತ್ರಿಗಳು ಬೆಂಗಳೂರಿಗೆ ಕರೆಸಿ ಸನ್ಮಾನಿಸಿ 3 ಲಕ್ಷ ಕೊಟ್ಟರು. ಕೊಟ್ಟದ್ದು ಒಳ್ಳೆಯದೇ, ಕಂಬಳ ಓಡಿಸುವವರಿಗೆ ಮೊದಲೇ ಯಾರಾದರೂ ಕೊಡಬೇಕಿತ್ತು. ಆದರೆ ಕೊಟ್ಟದ್ದು ಕೋಣ ಓಡಿಸಿದ್ದಕ್ಕೋ, ಬೋಲ್ಟನನ್ನು ಸೋಲಿಸಿದ್ದಕ್ಕೋ? ಆ ಹೊತ್ತಿಗೆ ಭಾರತದ ನೂರು ಮೀಟರ್ ದಾಖಲೆ 10.26 ಸೆಕೆಂಡು. ದಶಕಗಟ್ಟಲೆ ಬೆವರಿ ದೇಶ ಸೆಕೆಂಡಿನ ನೂರರ ಪಾಲುಗಳನ್ನು ಒಂದೊಂದಾಗಿ ಕೆರೆದು ತೆಗೆಯುತ್ತಿತ್ತು. ತ್ರೈರಾಶಿ ಒಂದೇ ಮಧ್ಯಾಹ್ನ 71 ನೂರರ ಪಾಲು ತೆಗೆದುಕೊಟ್ಟಿತು, ಕೋಚ್ ಸಂಬಳವೂ ಬೇಕಾಗಲಿಲ್ಲ.

ಹೀಗೆ ಕರೆಸಿದ್ದು ಮೊದಲ ಸಲವೂ ಅಲ್ಲ. ಹಿಂದಿನ ವರ್ಷವೇ ಮಧ್ಯಪ್ರದೇಶದ ಹಳ್ಳಿಯ ಹುಡುಗನೊಬ್ಬ ಬರಿಗಾಲಲ್ಲಿ ರಸ್ತೆ ಮೇಲೆ ಓಡುವ ವಿಡಿಯೋ ಬಂದಿತ್ತು, ನೂರು ಮೀಟರಿಗೆ 11 ಸೆಕೆಂಡು ಅಂತ. ಭೋಪಾಲಿಗೆ ಕರೆಸಿ, ಅಭ್ಯಾಸವಿಲ್ಲದ ಟ್ರ್ಯಾಕಿನಲ್ಲಿ, ತರಬೇತಿ ಪಡೆದವರ ಜೊತೆ, ಕ್ಯಾಮೆರಾಗಳ ಎದುರು ಓಡಿಸಿದರು. 12.9 ಸೆಕೆಂಡು ಬಂತು, ಎಲ್ಲರಿಗಿಂತ ಕಡೆಗೆ ಬಂದ. ವಿಡಿಯೋ ನೋಡಿ ಹೊಗಳಿದವರೇ ವಿಡಿಯೋ ನೋಡಿ ನಕ್ಕರು. ಎರಡೂ ಸಲ ಹುಡುಗ ಒಬ್ಬನೇ, ಓಟವೂ ಅದೇ.

ಈ ಇಡೀ ಗದ್ದಲದಲ್ಲಿ ಬುದ್ಧಿ ಕೈಯಲ್ಲಿ ಹಿಡಿದಿದ್ದವರು ಒಬ್ಬರೇ, ಶ್ರೀನಿವಾಸ ಗೌಡರು. ಬೋಲ್ಟ್ ವಿಶ್ವಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಅಂದರು. ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟರು. ಟ್ರಯಲ್ಸಿಗೆ ಬರುವುದಿಲ್ಲ ಅಂದರು, ಕಂಬಳದ ಸೀಸನ್ ನಡೆಯುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ನಾವು ಕೋಣವನ್ನು ಬೈಯುತ್ತೇವೆ; ಆ ವಾರ ಕಿನ್ನರಿ ಕೋಣದ ಕಡೆಯಿಂದಲೇ ಕೇಳಿಸುತ್ತಿತ್ತು, ಕೇಳುವವರು ಬೇರೆ ಕಡೆ ಇದ್ದರು. ತಮಾಷೆ ಎಂದರೆ, ಪರೀಕ್ಷಿಸಲೇಬೇಕು ಅಂತಿದ್ದರೆ ಬೆಂಗಳೂರಿಗೆ ಟಿಕೆಟ್ ಬೇಕಿರಲಿಲ್ಲ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಇದೆ, ಅದೇ ಊರಿನ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕೂ ಇದೆ. ಆಟೋದವನು ಎರಡನ್ನೂ ಒಂದೇ ಬಾಡಿಗೆಗೆ ತೋರಿಸುತ್ತಿದ್ದ.

ಕಂಬಳದಲ್ಲಿ ತ್ರೈರಾಶಿಗೆ ಸಿಗದ ವಿಭಾಗವೂ ಒಂದಿದೆ, ಕನೆಹಲಗೆ. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಓಡಿಸುವವನು ತೂತಿರುವ ಚಿಕ್ಕ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ, ಕೋಣಗಳು ಎಳೆಯುತ್ತವೆ, ತೂತಿನಿಂದ ನೀರು ಕಾರಂಜಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ನೀರು ತಾಗಬೇಕು, ಆರೂವರೆ ಕೋಲು, ಏಳೂವರೆ ಕೋಲು. ಭಾರ ಹಿಂದಕ್ಕೆ ಬಿದ್ದರೆ ನೀರು ಹಿಂದೆ ಹಾರುತ್ತದೆ, ಮುಂದಕ್ಕೆ ಬಿದ್ದರೆ ಹಲಗೆ ಕೆಸರಿಗೆ ಚುಚ್ಚಿ ಮಗುಚುತ್ತದೆ. ಕಂಬಳದಲ್ಲಿ ಕಣ್ಣಿಗೆ ಹಬ್ಬ ಅಂದರೆ ಇದೇ. ಒಲಿಂಪಿಕ್ಸಿನಲ್ಲಿ ನೀರು ಹಾರಿಸುವ ಸ್ಪರ್ಧೆ ಇಲ್ಲದ ಕಾರಣ ಇದಕ್ಕೆ ಟ್ವೀಟೂ ಬರಲಿಲ್ಲ, ಟಿಕೆಟ್ಟೂ ಬರಲಿಲ್ಲ. ಪರದೇಶದ ಗಡಿಯಾರಕ್ಕೆ ತಾಗದ ಸಾಮರ್ಥ್ಯ ನಮಗೆ ಸಾಮರ್ಥ್ಯವಾಗಿ ಕಾಣುವುದಿಲ್ಲ.

‘ಇಸು’ ಕಳೆದುಕೊಳ್ಳುವ ರೋಗ ಕರೆಗೆ ಮಾತ್ರ ಅಂಟಿದ್ದೂ ಅಲ್ಲ. ಶನಿವಾರ ಕೊಡಚಾದ್ರಿಗೆ ಹೋದವರನ್ನು ಸೋಮವಾರ ಆಫೀಸಿನಲ್ಲಿ ಕೇಳಿ. 1343 ಮೀಟರ್ ಹತ್ತಿದೆವು ಅನ್ನುತ್ತಾರೆ. ಅದರಲ್ಲಿ ಜೀಪು ಹತ್ತಿಸಿದ್ದು ಎಷ್ಟು, ಕಾಲು ಹತ್ತಿದ್ದು ಎಷ್ಟು? ಸಂಪೆಕಟ್ಟೆ ಕಡೆಯ ಆ ಕೊರಕಲು ದಾರಿಯಲ್ಲಿ ಫಸ್ಟ್ ಗೇರಿನಲ್ಲಿ, ಎಂಟು ಜನರನ್ನು ಹೊತ್ತು, ಒಂದು ಚಕ್ರ ಗಾಳಿಯಲ್ಲಿಟ್ಟು ಏರಿಸಿದ ಡ್ರೈವರ್ ಸ್ಟೇಟಸ್ಸಿನಲ್ಲಿ ಎಲ್ಲೂ ಇಲ್ಲ. ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿ ಕಾಳಿ ನದಿಯನ್ನು ‘ಗೆದ್ದವರು’ ಇದ್ದಾರೆ. ಸೂಪಾ ಅಣೆಕಟ್ಟೆಯಲ್ಲಿ ನೀರು ಬಿಡುವವರು ಆ ದಿನ ಬಿಡದಿದ್ದರೆ ಅವರ ಸಾಹಸ ಕಲ್ಲಿನ ಮೇಲೆ ಕೂತು ಬಿಸ್ಕತ್ತು ತಿಂದು ಮುಗಿಯುತ್ತಿತ್ತು. ಎವರೆಸ್ಟಿನ ಮಾತು ಬೇಡವೇ ಬೇಡ. ಅಲ್ಲಿ ಏಣಿ ಕಟ್ಟಿದವರು, ಹಗ್ಗ ಬಿಗಿದವರು, ಆಮ್ಲಜನಕದ ಸಿಲಿಂಡರ್ ಹೊತ್ತವರು ಎಲ್ಲ ಶೆರ್ಪಾಗಳು. ಹತ್ತಿಸಿದವರ ಹೆಸರನ್ನು ಕಡೆಗಾದರೂ ಮೈಕಿನಲ್ಲಿ ಹೇಳುವ ಕಂಬಳದ ಮರ್ಯಾದೆ ಅಲ್ಲಿಲ್ಲ.

ಐಕಳದ ದಾಖಲೆಯ ಆಯುಷ್ಯ ಮಾತ್ರ ಬೋಲ್ಟನದರಷ್ಟು ಗಟ್ಟಿ ಇರಲಿಲ್ಲ. ಅದೇ ತಿಂಗಳು ವೇಣೂರಿನ ಸೂರ್ಯ-ಚಂದ್ರ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ ಓಡಿಸಿದ ಕೋಣಗಳು 143 ಮೀಟರನ್ನು 13.61 ಸೆಕೆಂಡಿಗೆ ಮುಗಿಸಿದವು. ಕ್ಯಾಲ್ಕುಲೇಟರ್ 9.517 ಅಂದಿತು, ಪೇಪರು 9.51 ಅಂದಿತು, ಈ ಸಲವೂ ಚಿಲ್ಲರೆ ಅಂಗಡಿಯಲ್ಲೇ ಉಳಿಯಿತು. ಮರುವರ್ಷ ಲೆಕ್ಕ ಒಂಬತ್ತರ ಕೆಳಗೂ ಇಳಿಯಿತು. ಅಷ್ಟರಲ್ಲಿ ಟಿವಿಯವರಿಗೆ ಬೇರೆ ಕೆಲಸ ಬಂದಿತ್ತು, ಹಾಗಾಗಿ 8.96ಕ್ಕೆ 9.55ರಷ್ಟು ಗಿರಾಕಿ ಸಿಗಲಿಲ್ಲ. ಕೋಣಗಳು ಎಂದಿನಂತೆ ಕೆರೆಯಲ್ಲಿ ಮೂಗಿನವರೆಗೆ ಮುಳುಗಿ ಕೂತಿದ್ದವು. ಅವುಗಳಿಗೆ ರೈಲು ಟಿಕೆಟ್ ಬುಕ್ ಮಾಡಿದ ಸುದ್ದಿ ಈವರೆಗೂ ಬಂದಿಲ್ಲ.